ಊರಿಗೆ ಗೊತ್ತಾಗದ ಹಾಗೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು; 15ರಿಂದ 19ರೊಳಗಿನವರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು ಇಲ್ಲವೇ ಗರ್ಭಿಣಿಯರು. ಮದುವೆ ತಡೆದರೆ ಬಸಿರೂ ತಪ್ಪೀತು ಎಂಬ ಎಣಿಕೆ ಸಹಜ; ರಾಜ್ಯ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ನು ಈ ಸಮೀಕ್ಷೆಗೂ ಮೊದಲೇ ಬಿಗಿ ಮಾಡಿತ್ತು. 2016ರ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಇದು ಬೇಕಾದದ್ದೇ. ಆದರೆ ಕಾಯ್ದೆಗೆ ಮದುವೆ ಚಪ್ಪರ ಕಾಣುತ್ತದೆ, ಅದಿಲ್ಲದೆ ಆಗುವ ಬಸಿರು ಕಾಣುವುದಿಲ್ಲ.

ಮಡಿಕೇರಿಗೆ ಹತ್ತಿರದ ಗಾಳಿಬೀಡನ್ನೇ ನೋಡಿ. ಕಾಫಿ ತೋಟ, ಕಾಡಿನ ನಡುವೆ ಚದುರಿದ ಮನೆಗಳು, ಬಿಡದ ಮಳೆಗಾಲ. ಊರಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಆಯ್ಕೆ ಪರೀಕ್ಷೆ ಗೆದ್ದ ಹುಡುಗಿಗೆ ಹನ್ನೆರಡನೇ ತರಗತಿಯವರೆಗೂ ಓದು, ಊಟ, ವಸತಿ ಅಲ್ಲೇ. ಆದರೆ ಅಲ್ಲಿ ಸೀಟು ಸಿಗದ, ಇಂಥ ಊರುಗಳ ತೋಟ ಕಾರ್ಮಿಕರ ಲೈನ್ ಮನೆಯ ಹುಡುಗಿಗೆ ಹತ್ತರ ನಂತರದ ಓದೆಂದರೆ ಪೇಟೆಯ ಬಸ್ಸು. ಅದು ಕೈಗೂಡದೆ ಓದು ನಿಂತ ಮೇಲೆ, ಮೈಯ ವಿಷಯ ಕೇಳಲು ಅವಳಿಗೆ ಉಳಿಯುವುದು ಆಶಾ ಕಾರ್ಯಕರ್ತೆ ಒಬ್ಬಳೇ. ಆಶಾ ಅದೇ ಊರಿನವಳು. ಬಾಣಂತಿಗೆ ಅದು ಬಲ, ಮದುವೆಯಾಗದ ಹುಡುಗಿಗೆ ಅದೇ ಭಯ: ಇವತ್ತು ಕೇಳಿದ್ದು ನಾಳೆ ಅಮ್ಮನ ಕಿವಿಗೆ ಬೀಳದೆ ಇದ್ದೀತೆ? ಗರ್ಭನಿರೋಧಕದ ಲೆಕ್ಕ ಇಡುವ ಪುಸ್ತಕದ ಹೆಸರೇ 'ಅರ್ಹ ದಂಪತಿ' ನೋಂದಣಿ. ಅದರಲ್ಲಿ ಇವಳಿಗೆ ಜಾಗವೇ ಇಲ್ಲ.

ಬಸಿರು ತಡೆಯುವ ಬಗೆಯನ್ನು ಶಾಲೆಯಲ್ಲೇ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎನ್ನುವವರಿದ್ದಾರೆ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣವನ್ನು ತಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಇಂಗ್ಲೆಂಡು 1999ರಲ್ಲಿ ಪಾಠವನ್ನೂ ಗುಟ್ಟು ಕಾಯುವ ಚಿಕಿತ್ಸೆಯನ್ನೂ ಒಟ್ಟಿಗೆ ಹಿಡಿದು ಹೊರಟಿತು. ಹದಿನೈದು ವರ್ಷಗಳಲ್ಲಿ ಅಲ್ಲಿ ಹದಿನೆಂಟರೊಳಗಿನವರ ಗರ್ಭಧಾರಣೆಯ ದರ ಅರ್ಧಕ್ಕಿಳಿಯಿತು. ಇಳಿಕೆಗೆ ಬೇರೆ ಕಾರಣಗಳೂ ಇದ್ದಾವು. ಪಾಠದಿಂದ ಏರಿತು ಎನ್ನಲಂತೂ ಬಾರದು. ಇದಕ್ಕಿಂತ ತೂಕದ ಆಕ್ಷೇಪ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯದು: ಅಪ್ರಾಪ್ತೆಯ ಬಸಿರು ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟಿನ ಮಾತೆಲ್ಲಿ? ಆ ಕಡ್ಡಾಯ ಇರಲಿ. ಎಷ್ಟೋ ಸಲ ಬಸಿರಿನ ಹಿಂದೆ ದೌರ್ಜನ್ಯವೇ ಇರುತ್ತದೆ. ಆದರೆ ಗರ್ಭಪಾತ ಕೋರಿ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಆ ವರದಿಯಲ್ಲಿ ಅವಳ ಹೆಸರು ಬಿಡಬಹುದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಈ ತೀರ್ಪು ಹಳ್ಳಿಯ ಹುಡುಗಿಯ ಕಿವಿಗೆ ಬೀಳದಿದ್ದರೆ ಅವಳು ನಾಟಿ ಮದ್ದಿನ ಕಡೆ ತಿರುಗುತ್ತಾಳೆ, ಇಲ್ಲವೇ ತಿಂಗಳು ತುಂಬುವವರೆಗೆ ಬಾಯಿ ಬಿಡುವುದಿಲ್ಲ. ಎಳೆಯ ಮೈಗೆ ನಂಜು, ಅವಧಿಗೆ ಮುನ್ನ ಹೆರಿಗೆ ಎರಡೂ ಅಪಾಯವೇ.

ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಪೇಟೆಯಲ್ಲಿ ಅವು ಇದ್ದರೆ ಸಾಲದು. ಹೊರಗಿನ ಊರಿನ ಆಪ್ತಸಮಾಲೋಚಕಿಯೊಬ್ಬಳನ್ನು ತಿಂಗಳಿಗೊಮ್ಮೆ ಹಳ್ಳಿಗೇ ಕಳುಹಿಸಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳ ತಾಯಂದಿರೇ ಕೇಳಲಿ.