ಹಳೆಯ ಹಾದಿ, ಹೊಸ ವಾಹನ



ಈ ಅಂಕಣದಲ್ಲಿ ನಾವು ಇದುವರೆಗೆ ಬರೆದುದು ಬಹುಮಟ್ಟಿಗೆ ಶಾಸ್ತ್ರದ ಮಾತು, ಶರಣರ ಚರಿತೆ, ಗೃಹಸ್ಥರ ಆಚಾರ. ಈ ತಿಂಗಳು ಮೋಟಾರ್ ಸೈಕಲ್ಲಿನ ವಿಷಯ ಬರೆಯಬೇಕಾಗಿ ಬಂದಿದೆ. ಕಾರಣವಿಷ್ಟೆ: ಕಳೆದ ಕಾರ್ತಿಕ ಮಾಸದಿಂದೀಚೆಗೆ ನಾವು ಹೋದ ಊರುಗಳಲ್ಲೆಲ್ಲ ಪ್ರವಚನದ ಕುರಿತು ಕೇಳಿದವರಿಗಿಂತ ನಮ್ಮ ಹೊಸ ವಾಹನದ ಕುರಿತು ಕೇಳಿದವರೇ ಹೆಚ್ಚು. ಇಂಡಿ ತಾಲ್ಲೂಕಿನ ಹಿರಿಯರೊಬ್ಬರಂತೂ ಮಂಗಳ ಮುಗಿದು ಜನ ಏಳುವ ಮೊದಲೇ, "ಏನ್ರಿ ಶಾಸ್ತ್ರಿಗಳ, ಅರವತ್ತು ದಾಟಿದ ಮ್ಯಾಲ ಇಂಥಾ ಕುದುರಿ ಯಾಕ ಬೇಕಾತ್ರಿ ನಿಮಗ?" ಎಂದು ಕೇಳಿಯೇ ಬಿಟ್ಟರು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಪ್ರಶ್ನೆ ನ್ಯಾಯವಾದುದು. ಸಮಾಜದ ಅನ್ನವುಂಡವನು ಸಮಾಜಕ್ಕೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವೇ ಈ ಬರಹ.

ನಮ್ಮ ಹಳೆಯ ವಾಹನ ಯೆಜ್ಡಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅದರ ಸಪ್ಪಳ ಕೇಳದ ಓಣಿ ವಿರಳ. ಅದು ನಮ್ಮ ನಾಡಿನದೇ ಕೂಸು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಝೆಕೊಸ್ಲೊವಾಕಿಯಾದ ಜಾವಾ ವಾಹನಗಳನ್ನು ಮೊದಲು ಅಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಅವೇ ಯೆಜ್ಡಿ ಎಂಬ ಹೆಸರು ಪಡೆದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳು, ಪೆಟ್ರೋಲಿನಲ್ಲಿ ಬೆರೆಸಬೇಕಾದ ಎಣ್ಣೆ, ಕಿಕ್ ಹೊಡೆದ ಮೇಲೆ ಮಡಚಿದರೆ ಅದೇ ಗೇರಾಗುವ ಕೋಲು: ಇವು ಅದರ ಲಕ್ಷಣಗಳು. ತಿಳಿಯದವನು ಹತ್ತಿದರೆ ಗೇರು ಎಲ್ಲಿದೆಯೆಂದೇ ಹುಡುಕಬೇಕಾಗುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2022ರಲ್ಲಿ ಬೇರೊಂದು ಕಂಪನಿಯಿಂದ ಯೆಜ್ಡಿ ಎಂಬ ಹೆಸರು ಮತ್ತೆ ರಸ್ತೆಗೆ ಬಂದಿದೆ. ಆದರೆ ನಮ್ಮ ಹಳೆಯದರ ಆ ಹೊಗೆ, ಆ ಸದ್ದು ಮರಳಿ ಬರುವಂತಿಲ್ಲ. ಬಾರದಿರುವುದು ಗಾಳಿಗೆ ಒಳ್ಳೆಯದು ಎಂಬುದನ್ನೂ ಒಪ್ಪಬೇಕು.

1993ರಲ್ಲಿ ಕೊಂಡ ಆ ವಾಹನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮನ್ನು ಹೊತ್ತಿತು. ಬಿಡಿಭಾಗ ದೊರೆಯುವುದು ದುರ್ಲಭವಾಯಿತು. ಅದರ ಮರ್ಮ ಬಲ್ಲ ಮಿಸ್ತ್ರಿ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ನಮ್ಮ ಬಲಗಾಲಿನ ಮೊಣಕಾಲೂ ಕಿಕ್ ಹೊಡೆಯಲು ಒಲ್ಲೆನೆಂದಿತು. ಹೀಗೆ ವಾಹನ, ಮಿಸ್ತ್ರಿ, ಸವಾರ ಮೂವರೂ ಒಟ್ಟಿಗೆ ಮುಪ್ಪಾದೆವು.

ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಜಂಗಮವೆಂದರೆ ಚಲಿಸುವುದೆಂದು ಗುರುಗಳು ಬಾಲ್ಯದಲ್ಲಿಯೇ ತಿಳಿಸಿದ್ದರು. ಒಂದೆಡೆ ನೆಲೆನಿಂತರೆ ಮಮತೆ ಬೇರೂರುತ್ತದೆ. ಆದುದರಿಂದ ಚರಜಂಗಮರು ಊರಿಂದೂರಿಗೆ ನಡೆದರು. ನಡೆಯಲಾಗದ ದೂರಕ್ಕೆ ಎತ್ತಿನ ಬಂಡಿ ಬಂದಿತು. ನಮ್ಮ ಜಿಲ್ಲೆಯ ಮಟ್ಟಿಗೆ ಧರ್ಮಕಾರ್ಯಕ್ಕೆ ಹೂಡಿದ ವಾಹನವೆಂದರೆ ಮೊದಲು ನೆನಪಾಗುವುದು ಡಾ. ಫ.ಗು. ಹಳಕಟ್ಟಿಯವರ ಸೈಕಲ್ಲು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಆ ಮಹನೀಯರು ಮನೆಮನೆಯ ಜಗುಲಿಗಳಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಉಳಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದವರು ಹಳೆಯ ಸೈಕಲ್ಲಿನಲ್ಲಿಯೇ ಓಡಾಡಿದರು. ಅದನ್ನು ನೆನೆದಾಗ ಮೂರು ಲಕ್ಷ ರೂಪಾಯಿಗೆ ಸಮೀಪದ ನಮ್ಮ ಹೊಸ ವಾಹನ ನಮಗೆ ಸಂಕೋಚವನ್ನೇ ಉಂಟುಮಾಡುತ್ತದೆ. ಪ್ರವಚನದ ಕಾಣಿಕೆಯಿಂದ ಇದಕ್ಕೆ ಒಂದು ಕಾಸನ್ನೂ ಮುಟ್ಟಿಲ್ಲ, ಪಾಠಶಾಲೆಯ ನೌಕರಿಯಿಂದ ನಿವೃತ್ತರಾದಾಗ ಬಂದ ಹಣವೇ ಸಂದಿದೆ ಎಂಬುದು ನಮ್ಮ ಸಮಾಧಾನ.

ವಾಹನದ ಹೆಸರು ಹೇಳುವುದಿಲ್ಲ, ಹೇಳಿದರೆ ಜಾಹೀರಾತಾದೀತು. ದೂರ ಪಯಣಕ್ಕೂ ಕೆಟ್ಟ ರಸ್ತೆಗೂ ಒಗ್ಗುವಂತೆ ಕಟ್ಟಿದ ಮೋಟಾರ್ ಸೈಕಲ್ಲು ಎಂದರೆ ಸಾಕು. ಮುಂದಿನ ಗಾಲಿ ದೊಡ್ಡದು. ಇಂಜಿನ್ನಿಗೆ ಕಾರಿನಂತೆ ನೀರಿನ ತಂಪು. ತೂಕ ಸುಮಾರು 2 ಕ್ವಿಂಟಲ್, ಎಂದರೆ ಎರಡು ಚೀಲ ಜೋಳ. ಕೊಳ್ಳಲು ಹೋದ ದಿನ ಅಂಗಡಿಯ ಹುಡುಗರು ಸಂಪ್ರದಾಯವೆಂದು ಎರಡೂ ಗಾಲಿಗಳ ಅಡಿಗೆ ನಿಂಬೆಹಣ್ಣು ಇಟ್ಟರು. ನಾವು ಅವನ್ನು ಎತ್ತಿಕೊಂಡು, "ತಮ್ಮಾ, ಇವನ್ನು ಬೆಳೆಯಲು ಇಂಡಿಯ ರೈತ ಬಿಸಿಲಿನಲ್ಲಿ ನೀರು ಹೊತ್ತಿದ್ದಾನೆ, ಗಾಲಿಯಡಿ ಯಾಕೆ ತುಳಿಸುತ್ತೀರಿ?" ಎಂದು ಜೋಳಿಗೆಯಲ್ಲಿ ಹಾಕಿಕೊಂಡೆವು. ಮನೆಗೆ ಬಂದ ಮೇಲೆ ಪಾನಕವಾಯಿತು. ನಮ್ಮ ವಾಹನದ ಪೂಜೆ ಅಷ್ಟೆ.

ಮೊದಲ ವಾರ ನಮಗೆ ಭಯವೇ ಆಯಿತೆಂದು ಒಪ್ಪಿಕೊಳ್ಳುತ್ತೇವೆ. ಆಸನ ಎತ್ತರ, ನಿಂತಾಗ ಅಂಗಾಲು ಪೂರ್ತಿ ನೆಲಕ್ಕೆ ತಾಗದು, ಮುಂಗಾಲೇ ಆಧಾರ. ಓಡುವಾಗ ತೂಕ ತಿಳಿಯುವುದಿಲ್ಲ, ಆದರೆ ಮಠದ ಅಂಗಳದಲ್ಲಿ ಹಿಂದಕ್ಕೆ ಸರಿಸುವಾಗ ಬೆನ್ನಿಗೆ ತಿಳಿಯುತ್ತದೆ. ಧೋತರವುಟ್ಟು ಹತ್ತುವುದು ಸಾಧ್ಯವಾಗದೆ ಪಾಯಿಜಾಮಕ್ಕೆ ಶರಣಾದೆವು. ಕಿಕ್ ಎಂಬುದೇ ಇಲ್ಲ. ಗುಂಡಿ ಒತ್ತಿದರೆ ಸಾಕು. ಮೊಣಕಾಲು ಹರಸಿತು. ಮುಂದಿನ ದೀಪವನ್ನು ಆರಿಸಲು ಬಾರದು. ದ್ವಿಚಕ್ರ ವಾಹನಗಳಿಗೆಲ್ಲ 2017ರಿಂದ ಈ ನಿಯಮವಿದೆ. ಆದರೂ ಹಾದಿಯುದ್ದಕ್ಕೂ ಜನ ಕೈಬೆರಳು ಮಡಚಿ ಬಿಡಿಸಿ, "ಲೈಟ್ ಹತ್ತೇತ್ರೀ!" ಎಂದು ಕೂಗುತ್ತಾರೆ. ಅಪರಿಚಿತನ ದೀಪ ವ್ಯರ್ಥವಾಗಬಾರದೆಂಬ ಆ ಕಳಕಳಿಗೆ ನಾವು ಪ್ರತಿಸಲವೂ ತಲೆಬಾಗಿ ಮುಂದೆ ಸಾಗುತ್ತೇವೆ.

ದೊಡ್ಡ ವ್ಯಾಜ್ಯವಾದುದು ರುಮಾಲಿಗೂ ಹೆಲ್ಮೆಟ್ಟಿಗೂ. ನಲವತ್ತು ವರ್ಷ ತಲೆಯ ಮೇಲಿದ್ದ ರುಮಾಲು ಈಗ ಚೀಲದೊಳಗೆ ಕುಳಿತು ಪಯಣಿಸುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ಕಾನೂನು ವಿನಾಯಿತಿ ನೀಡಿದೆ. ನಮಗಿಲ್ಲ, ಬೇಕಾಗಿಯೂ ಇಲ್ಲ. ಹಣೆಯ ತ್ರಿಪುಂಡ್ರ ಹೆಲ್ಮೆಟ್ಟಿನ ಒಳಗಣ ಬಟ್ಟೆಗೆ ಹತ್ತಿ, ಅಲ್ಲಿಯೂ ಮೂರು ಬಿಳಿಯ ಗೆರೆಗಳು ಮೂಡಿವೆ. ಶಿರಸ್ತ್ರಾಣಕ್ಕೂ ವಿಭೂತಿಧಾರಣೆಯಾಯಿತೆಂದು ಶಿಷ್ಯರು ನಗುತ್ತಾರೆ.

ವಿಜಯಪುರದಿಂದ ಹೊರಟು ಇಂಡಿ, ಸಿಂದಗಿ, ತಾಳಿಕೋಟಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಮರಳಿದರೆ 250 ಕಿ.ಮೀ. ಮೀರುತ್ತದೆ. ಮೊದಲು ಇದಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಈಗ ಮನಸ್ಸು ಮಾಡಿದರೆ ಒಂದೇ ದಿನ ಸಾಕು, ಪೆಟ್ರೋಲೂ ಒಮ್ಮೆ ತುಂಬಿಸಿದರೆ ಸಾಕು. ತಾಳಿಕೋಟಿಯ ಬಳಿ ಡೋಣಿಯ ದಂಡೆಯ ಎರೆಮಣ್ಣು ಮಳೆ ಬಿದ್ದೊಡನೆ ಬೆಣ್ಣೆಯಂತಾಗುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರುಗಳ ಗಾಲಿಗಳು ಅದನ್ನು ಡಾಂಬರಿಗೂ ಎಳೆದು ತರುತ್ತವೆ. ಅಲ್ಲಿ ಹಳೆಯ ವಾಹನ ಎರಡು ಸಲ ನಮ್ಮನ್ನು ಕೆಡವಿತ್ತು. ಹೊಸದು ಒಮ್ಮೆಯೂ ಜಾರಲಿಲ್ಲ. ನೀಲಾಂಬಿಕೆ ತಾಯಿ ಐಕ್ಯಳಾದ ತಂಗಡಗಿಗೆ ಹೋಗುವ ಹಾದಿಯ ತಗ್ಗುದಿಣ್ಣೆಗಳು ಬೆನ್ನಿಗೆ ತಾಗಲೇ ಇಲ್ಲ. ಅಂದು ತಂಗಡಗಿಯಿಂದ ಹೊರಡುವಾಗ ನಮ್ಮಲ್ಲಿ ಸಣ್ಣದೊಂದು ಹೆಮ್ಮೆ ಹುಟ್ಟಿತೆಂಬುದನ್ನು ಮುಚ್ಚಿಡಲಾರೆವು.

ಆ ಹೆಮ್ಮೆ ಇಳಿದುದು ಇಂಡಿಯ ಹಾದಿಯಲ್ಲಿ. ಕಬ್ಬು ನುರಿಸುವ ಕಾಲ, ಮುಚ್ಚಂಜೆಯ ಹೊತ್ತು. ಎದುರಿನಿಂದ ಬಂದ ವಾಹನದ ಬೆಳಕು ಕಣ್ಣಿಗೆ ರಾಚಿತು. ಅದು ದಾಟಿದೊಡನೆ ಕಂಡುದು ಕರಿಯ ಗೋಡೆ: ಎರಡು ಟ್ರೇಲರು ತುಂಬ ಕಬ್ಬು ಹೇರಿ ರಸ್ತೆಯ ಮೇಲೆಯೇ ನಿಂತಿದ್ದ ಟ್ರ್ಯಾಕ್ಟರು. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದೆವು. ಬೆರಳುಗಳಡಿಯಲ್ಲಿ ಬ್ರೇಕಿನ ಹಿಡಿ ನಾಡಿಯಂತೆ ಮಿಡಿಯಿತು. ಗಾಲಿ ಬಿಗಿದು ಜಾರದಂತೆ ಕ್ಷಣಕ್ಷಣಕ್ಕೂ ಹಿಡಿದು ಬಿಡುವ ಎ.ಬಿ.ಎಸ್. ಎಂಬ ವ್ಯವಸ್ಥೆ ಅದು. 125 ಸಿ.ಸಿ. ಮೀರಿದ ಹೊಸ ವಾಹನಗಳಿಗೆಲ್ಲ ಅದು 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಕಬ್ಬಿನ ತುದಿಗೆ ಎರಡು ಮಾರು ಮೊದಲೇ ವಾಹನ ನಿಂತಿತು. ಹಳೆಯದಾಗಿದ್ದರೆ ಗಾಲಿ ಬಿಗಿದು ನಾವು ಟ್ರೇಲರಿನ ಅಡಿಯಲ್ಲಿರುತ್ತಿದ್ದೆವು. ಎದೆಯ ಮೇಲಿನ ಕರಡಿಗೆಯನ್ನು ಹಿಡಿದು ಹಾದಿಯ ಬದಿಯಲ್ಲಿ ಬಹಳ ಹೊತ್ತು ಕುಳಿತೆವು.

ಆಗ ನೆನಪಾದುದು ಸಿಂದಗಿ ತಾಲ್ಲೂಕಿನ ಒಂದು ಮನೆ. ಕೆಲವು ವರ್ಷಗಳ ಹಿಂದೆ ಇಂಥದೇ ರಾತ್ರಿ, ಇಂಥದೇ ದೀಪವಿಲ್ಲದ ಟ್ರೇಲರಿಗೆ ಆ ಮನೆಯ ಒಬ್ಬನೇ ಮಗ ಬಲಿಯಾದ. ಇಪ್ಪತ್ತಮೂರು ವರ್ಷದವನು. ಅವನ ಹೆಲ್ಮೆಟ್ಟು ವಾಹನದ ಕನ್ನಡಿಗೆ ತೂಗುಬಿದ್ದಿತ್ತು. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ. ಅವನ ಲಿಂಗಧಾರಣೆಯ ದಿನ ನಾವು ಆ ಮನೆಯಲ್ಲಿದ್ದೆವು. ಅವನ ಸಮಾಧಿಕ್ರಿಯೆಯ ದಿನವೂ ಇದ್ದೆವು. ಅವನ ತಂದೆ ನಮ್ಮನ್ನು ಯಾವ ಶಾಸ್ತ್ರವನ್ನೂ ಕೇಳಲಿಲ್ಲ. ಆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, "ಇದನ್ನ ತಂದುಕೊಟ್ಟಾಂವ ನಾನs ರೀ" ಎಂದಷ್ಟೇ ಅಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಇನ್ನೊಂದು ಸಂಗತಿಯನ್ನು ಹೇಳಿ ಲೆಕ್ಕ ಮುಗಿಸುತ್ತೇವೆ. ಮುದ್ದೇಬಿಹಾಳದಿಂದ ಬಾಗೇವಾಡಿಗೆ ಬರುವ ಹಾದಿಯ ಬದಿಗೆ ಒಂದು ತೋಟದ ಮನೆಯಿದೆ. ಹಳೆಯ ವಾಹನ ಬಿಸಿಲಿನಲ್ಲಿ ಅಲ್ಲಿಯವರೆಗೆ ಬರುವಷ್ಟರಲ್ಲಿ ಕಾದು ಹೋಗುತ್ತಿತ್ತು. ಅದು ಆರುವವರೆಗೆ ಬೇವಿನ ಮರದಡಿ ಕುಳಿತುಕೊಳ್ಳುವುದು ನಮ್ಮ ಅನಿವಾರ್ಯವಾಗಿತ್ತು. ಆ ಮನೆಯ ಹಿರಿಯ ತಾಯಿಗೆ ದೃಷ್ಟಿ ಬಹಳ ಮಂದ. ಆದರೂ ಹರದಾರಿ ದೂರದಲ್ಲಿ ವಾಹನದ ಸಪ್ಪಳ ಕೇಳಿದೊಡನೆ ಮಜ್ಜಿಗೆ ತುಂಬಿದ ತಂಬಿಗೆಯೊಡನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮನೆಯ ಸುಖದುಃಖ, ಸೊಸೆಯ ಬಾಣಂತನ, ಎತ್ತಿನ ಕಾಲುನೋವು ಎಲ್ಲವೂ ಆ ಅರ್ಧ ಗಂಟೆಯಲ್ಲಿ ನಮಗೆ ತಿಳಿಯುತ್ತಿತ್ತು.

ಹೊಸ ವಾಹನ ಕಾಯುವುದೂ ಇಲ್ಲ, ಸಪ್ಪಳ ಮಾಡುವುದೂ ಇಲ್ಲ. ಎರಡು ತಿಂಗಳಲ್ಲಿ ಮೂರು ಸಲ ಆ ಹಾದಿಯಲ್ಲಿ ಹೋದೆವು. ಮೂರು ಸಲವೂ ನಿಲ್ಲಲಿಲ್ಲ. ಬಾಗೇವಾಡಿಯ ಬಸವೇಶ್ವರ ಗುಡಿಯಲ್ಲಿ ಆ ಊರಿನವರೊಬ್ಬರು ಭೇಟಿಯಾಗಿ, "ತೋಟದ ಆಯಿ ಎಲ್ಲಾರನ್ನೂ ಕೇಳಾಕತ್ತಾಳ್ರಿ, ಗಾಡಿ ಸಪ್ಪಳ ಇಲ್ಲ, ಅಪ್ಪಾರು ಲಿಂಗೈಕ್ಯ ಆದರೇನು ಅಂತ" ಎಂದರು.

ಅಂದು ಮಧ್ಯಾಹ್ನದ ಪ್ರಸಾದವನ್ನೂ ಸ್ವೀಕರಿಸದೆ ಹಿಂದಿರುಗಿದೆವು. ಆ ತಾಯಿ ನಮ್ಮ ಧ್ವನಿ ಕೇಳಿ ಎರಡೂ ಕೈಯಿಂದ ನಮ್ಮ ತೋಳು ಹಿಡಿದು ನೋಡಿದರು. ಬಳಿಕ ಹೊಸ ವಾಹನದ ಟ್ಯಾಂಕು, ದೀಪ, ಆಸನವನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು. ನಾವು ಅದರ ಬ್ರೇಕು, ಎ.ಬಿ.ಎಸ್. ಎಂದು ವರ್ಣಿಸಿದೆವು. ಅವರೆಂದರು: "ಭಾಳ ಚಲೋ ಆತ್ರಿ ಅಪ್ಪಾರ. ಹಂಗಾರ ಇದಕ್ಕ ನಿಲ್ಲಾಕ ಬರ್ತೈತಿ?"

ಅವರು ವ್ಯಂಗ್ಯವಾಡಲಿಲ್ಲ, ಸರಳವಾಗಿಯೇ ಕೇಳಿದರು. ನಾವು ತಲೆತಗ್ಗಿಸಿ ಮಜ್ಜಿಗೆ ಕುಡಿದೆವು. ಹಳೆಯ ವಾಹನ ತನ್ನ ದೌರ್ಬಲ್ಯದಿಂದ ನಮ್ಮನ್ನು ನಿಲ್ಲಿಸುತ್ತಿತ್ತು. ಅದನ್ನು ನಾವು ನಮ್ಮ ಜಂಗಮಧರ್ಮವೆಂದು ಭಾವಿಸಿದ್ದೆವು. ಈಗ ನಿಲ್ಲುವುದು ನಮ್ಮ ಇಚ್ಛೆಗೆ ಬಿಟ್ಟುದು. ಮಾಡದಿದ್ದರೆ ಅದು ನಮ್ಮದೇ ತಪ್ಪು, ಇಂಜಿನ್ನಿನದಲ್ಲ. ಅಂದಿನಿಂದ ಆ ಸುತ್ತನ್ನು ಮತ್ತೆ ನಾಲ್ಕು ದಿನಕ್ಕೆ ಹಂಚಿದ್ದೇವೆ. ಆ ತೋಟದ ತಿರುವಿನಲ್ಲಿ ಮೂರು ಸಲ ಹಾರ್ನ್ ಹಾಕುತ್ತೇವೆ. ತಂಬಿಗೆ ಬಾಗಿಲಿಗೆ ಬರುತ್ತದೆ.

ಓದುಗ ಗೃಹಸ್ಥರಲ್ಲಿ ನಮ್ಮ ಬಿನ್ನಹ ಕೆಲವೇ. ಮಕ್ಕಳಿಗೆ ವಾಹನ ಕೊಡಿಸುವಾಗ ಎಷ್ಟು ಓಡುತ್ತದೆ ಎಂದು ಕೇಳುವ ಮೊದಲು ಹೇಗೆ ನಿಲ್ಲುತ್ತದೆ ಎಂದು ಕೇಳಿರಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಕೊಂಡುಕೊಟ್ಟರೆ ಸಾಲದು. ಮಗ ಅದನ್ನು ತಲೆಗೇರಿಸಿ ಪಟ್ಟಿ ಬಿಗಿಯುವವರೆಗೆ ತಾಯಿ ಹೊಸ್ತಿಲಲ್ಲಿ ನಿಲ್ಲಲಿ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಸೊಸೆ ಮೊಮ್ಮಕ್ಕಳನ್ನು ಮರೆಯದಿರಿ. ಟ್ರ್ಯಾಕ್ಟರುಳ್ಳ ರೈತಬಂಧುಗಳು ಟ್ರೇಲರಿನ ಹಿಂದೆ ಕೆಂಪು ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಹಾಕಿಸಲಿ. ಅದರ ಖರ್ಚು ಒಂದು ದಿನದ ಡೀಸೆಲ್ಲಿಗಿಂತ ಕಡಿಮೆ. ಸುಗ್ಗಿಯಲ್ಲಿ ರಾಶಿಯನ್ನು ರಸ್ತೆಯ ಮೇಲೆ ಹರವಿ, ಸುತ್ತ ಕಲ್ಲಿಟ್ಟು ರಾತ್ರಿ ಹಾಗೆಯೇ ಬಿಟ್ಟು ಹೋಗಬೇಡಿರಿ. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ದಾರಿಹೋಕನು ಮನೆ ಮುಟ್ಟುವಂತೆ ನೋಡಿಕೊಳ್ಳುವುದೂ ದಾಸೋಹವೇ.

ಇಂಡಿಯ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದು: ಈ ಕುದುರೆಯನ್ನು ತಂದುದು ಬೇಗ ಹೋಗುವುದಕ್ಕಲ್ಲ, ಇನ್ನೂ ಕೆಲವು ವರ್ಷ ನಿಮ್ಮ ಬಾಗಿಲಿಗೆ ಬರುವುದಕ್ಕೆ. ಬಂದಾಗ ನಿಲ್ಲದೆ ಹೋದರೆ ಹಾದಿಗೆ ಅಡ್ಡಬಂದು ನಿಲ್ಲಿಸಿರಿ. ಬ್ರೇಕು ಚೆನ್ನಾಗಿದೆ.

ಸರ್ವರಿಗೂ ಬಸವಾದಿ ಪ್ರಮಥರ ಕೃಪೆಯಿರಲಿ. ಶರಣು.