ಬ್ಯಾಂಕಾಕಿನ ಬುದ್ಧ, ಹೆದ್ದಾರಿಯಾಚೆಯ ಬುದ್ಧ

ಸಾನಪಾಡಾದ ಫ್ಲಾಟುಗಳಲ್ಲಿ ಬುದ್ಧನಿಗೆ ಕೊರತೆಯಿಲ್ಲ. ಬಾಗಿಲು ತೆರೆದೊಡನೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಿತ್ತಾಳೆಯ ಬುದ್ಧನ ತಲೆ. ಟಿವಿ ಪಕ್ಕದಲ್ಲಿ ದುಡ್ಡು ತರುತ್ತಾನೆಂಬ ನಂಬಿಕೆಯ ಮೇಲೆ ಕೂರಿಸಿದ, ಡೊಳ್ಳುಹೊಟ್ಟೆಯ ನಗುವ ಬುದ್ಧ. ಅವನು ಗೌತಮನಲ್ಲ, ಬುದಾಯ್ ಎಂಬ ಚೀನಾದ ಭಿಕ್ಷು. ಬಾಲ್ಕನಿಯ ಕುಂಡಗಳ ನಡುವೆ ಇನ್ನೊಬ್ಬ, ಸಿಮೆಂಟಿನವನು. ಇಲ್ಲಿನ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ರಜೆಗೆ ಬ್ಯಾಂಕಾಕಿಗೆ ಹೋಗಿ ಬಂದವರ ಫೋನಿನಲ್ಲಿ ವಾಟ್ ಫೋದ ಮಲಗಿದ ಬುದ್ಧನ ಮುಂದೆ ನಿಂತ ಕುಟುಂಬವಿದೆ, ವಾಟ್ ಅರುಣ್‌ನ ಮೆಟ್ಟಿಲ ಮೇಲೆ ಕೈ ಮುಗಿದ ಅಜ್ಜಿಯಿದ್ದಾರೆ. ಆದರೆ ಹೆದ್ದಾರಿ ದಾಟಿದರೆ ಸಿಗುವ ತುರ್ಭೆಯ ವಸತಿಗಳಲ್ಲಿ, ಪಂಚಶೀಲದ ಬಾವುಟ ಹಾರುವ ಬುದ್ಧವಿಹಾರದೊಳಗೆ ಒಮ್ಮೆಯಾದರೂ ಕಾಲಿಟ್ಟಿದ್ದೀರಾ ಎಂದು ಇವರನ್ನೇ ಕೇಳಿದರೆ ಮಾತು ನಿಂತುಹೋಗುತ್ತದೆ.

ಈ ಮೌನಕ್ಕೆ ಸಮಯದ ಅಭಾವ ಕಾರಣವಲ್ಲ. ನಾಲ್ಕು ಗಂಟೆಗೂ ಹೆಚ್ಚು ವಿಮಾನದಲ್ಲಿ ಕೂರಬಲ್ಲವರಿಗೆ ಹತ್ತು ನಿಮಿಷದ ರಿಕ್ಷಾ ದೂರವಾಗುವುದಿಲ್ಲ. ಮಾಹಿತಿಯ ಅಭಾವವೂ ಅಲ್ಲ. ಆ ಬಾವುಟ ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಕಾರಣ ಒಂದೇ, ಜಾತಿ. ಕಲ್ಲಿನ ಬುದ್ಧ, ಪರದೇಶದ ಬುದ್ಧ, ಅಂಗಡಿಯಲ್ಲಿ ಕೊಂಡ ಬುದ್ಧ, ಈ ಮೂವರೂ ಸಲ್ಲುತ್ತಾರೆ. ಸಲ್ಲದವನು ನಾಲ್ಕನೆಯವನು: ಪಕ್ಕದ ಬೀದಿಯ ಜನ ದಿನವೂ ವಂದಿಸುವ ಬುದ್ಧ.

ಮುಂಬೈಯಲ್ಲಿ ನೋಡಬೇಕಾದ ಬೌದ್ಧ ತಾಣಗಳೆಂದು ನೆಂಟರಿಷ್ಟರಿಗೆ ಹೇಳುವ ಪಟ್ಟಿಯನ್ನೇ ನೋಡಿ. ಮೊದಲು ಬರುವುದು ಬೊರಿವಲಿಯ ಕಾಡಿನ ಕನ್ಹೇರಿ, ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಆಮೇಲೆ ಗೊರಾಯಿಯ ವಿಪಶ್ಯನಾ ಪಗೋಡ. ಯಾಂಗೊನ್‌ನ ಶ್ವೆಡಗೊನ್ ಮಾದರಿಯಲ್ಲಿ ಕಟ್ಟಿ, 2009ರಲ್ಲಿ ಉದ್ಘಾಟನೆಯಾದದ್ದು. ಒಂದೂ ಕಂಬವಿಲ್ಲದ ಅದರ ಗುಮ್ಮಟದಡಿ ಎಂಟು ಸಾವಿರ ಜನ ಧ್ಯಾನಕ್ಕೆ ಕೂರಬಹುದು. ಹೆಚ್ಚು ತಿಳಿದವರು ವರಳಿಯ ಪುಟ್ಟ ಜಪಾನೀ ಮಂದಿರವನ್ನೂ ಸೇರಿಸುತ್ತಾರೆ. ಅದು ನಿಚಿದಾತ್ಸು ಫುಜಿಯವರ ನಿಪ್ಪೊನ್‌ಜಾನ್ ಮ್ಯೋಹೋಜಿ ಪಂಥದ್ದು, ಕಟ್ಟಲು ನೆರವಾದವರು ಬಿರ್ಲಾ. ಮೂರೂ ನೋಡತಕ್ಕವೇ, ತಕರಾರಿಲ್ಲ. ಆದರೆ ಮೂರಕ್ಕೂ ಸಾಮಾನ್ಯವಾದ ಒಂದು ಅನುಕೂಲವಿದೆ. ಕನ್ಹೇರಿಯ ಭಿಕ್ಷುಗಳು ಹೋಗಿ ಶತಮಾನಗಳಾದವು. ವರಳಿಯದು ಜಪಾನಿನ ಪಂಥ, ಗೊರಾಯಿಯದು ಬರ್ಮಾದಿಂದ ಬಂದ ಧ್ಯಾನ. ಅಲ್ಲಿ ಪಕ್ಕದಲ್ಲಿ ಕೂತವರ ಕುಲ ಕೇಳಬೇಕಾದ ಪ್ರಸಂಗವೇ ಬರುವುದಿಲ್ಲ.

ಪಟ್ಟಿಯಿಂದ ಬಿಟ್ಟುಹೋಗುವುದು ದಾದರಿನ ಚೈತ್ಯಭೂಮಿ. ಸಾನಪಾಡಾದಿಂದ ಹಾರ್ಬರ್ ಲೈನ್ ಹಿಡಿದು, ಕುರ್ಲಾದಲ್ಲಿ ಬದಲಿಸಿದರೆ ಮುಗಿಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ಅಂಬೇಡ್ಕರ್, ಎರಡು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು. ಮರುದಿನ ಅವರ ಅಂತ್ಯಸಂಸ್ಕಾರ ನಡೆದದ್ದು ದಾದರಿನ ಈ ಕಡಲ ದಂಡೆಯಲ್ಲಿ. 2011ರ ಜನಗಣತಿಯಂತೆ ದೇಶದ 84 ಲಕ್ಷ ಬೌದ್ಧರಲ್ಲಿ 65 ಲಕ್ಷ ಮಂದಿ ಮಹಾರಾಷ್ಟ್ರದವರು. ಅಂದರೆ ಭಾರತದ ಜೀವಂತ ಬೌದ್ಧಧರ್ಮ ನೋಡಬೇಕೆನ್ನುವವರು ವಿಮಾನ ಹತ್ತಬೇಕಾಗಿಲ್ಲ, ಲೋಕಲ್ ಹತ್ತಿದರೆ ಸಾಕು.

ಪ್ರತಿ ಡಿಸೆಂಬರ್ 6ರ ಸುಮಾರಿಗೆ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ಆಗ ಫ್ಲಾಟುಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದು ಎಚ್ಚರಿಕೆಯ ಮಾತು: ಎರಡು ದಿನ ದಾದರ್ ಕಡೆ ಹೋಗಬೇಡಿ, ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲಾಲ್‌ಬಾಗಿನ ಗಣಪತಿಯ ಮುಂದೆ ರಾತ್ರಿಯಿಡೀ ಸಾಲು ನಿಂತರೆ ಭಕ್ತಿ, ಶಿವಾಜಿ ಪಾರ್ಕಿನಲ್ಲಿ ರಾತ್ರಿ ಮಲಗಿದರೆ ಗಲೀಜು. ಹಾಗೆ ಮಲಗಿದವರು ಬೆಳಿಗ್ಗೆ ಎದ್ದು ಏನು ಕೊಳ್ಳುತ್ತಾರೆಂದು ನೋಡಿದವರಿಗೆ ಮಾತ್ರ ಗೊತ್ತು: ಪುಸ್ತಕ. ಪಾರ್ಕಿನ ತುಂಬ ಪುಸ್ತಕದ ಮಳಿಗೆಗಳು. ಬೆಂಡು ಬತ್ತಾಸಿನ ಬದಲು ಪುಸ್ತಕ ಕಟ್ಟಿಸಿಕೊಂಡು ಊರಿಗೆ ಹೋಗುವ ಜಾತ್ರೆ ಈ ದೇಶದಲ್ಲಿ ಇನ್ನೆಷ್ಟಿವೆ?

ಇದಕ್ಕೆ ಬರುವ ಆಕ್ಷೇಪಗಳು ಮೂರು. ಮೊದಲನೆಯದು, ವಿಹಾರದಲ್ಲಿ ನೋಡಲು ಏನಿದೆ ಎಂಬುದು. ನಿಜ, ಹೆಚ್ಚಿನವು ಒಂದೇ ಕೋಣೆಯವು: ಬುದ್ಧನ ಮೂರ್ತಿ, ಬಾಬಾಸಾಹೇಬರ ಪಟ, ಮೇಣದಬತ್ತಿ, ನೆಲಕ್ಕೆ ಚಾಪೆ. ಸಂಜೆ ಬಿಳಿ ಬಟ್ಟೆಯುಟ್ಟವರು ಸೇರಿ ಪಾಲಿಯಲ್ಲಿ ತ್ರಿಶರಣ, ಪಂಚಶೀಲ ಹೇಳುತ್ತಾರೆ. ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗಿನ ವರ್ಷಾವಾಸದಲ್ಲಿ ಅಂಬೇಡ್ಕರರ ‘ಬುದ್ಧ ಮತ್ತು ಆತನ ಧಮ್ಮ’ದ ವಾಚನ ನಡೆಯುತ್ತದೆ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಶ್ರಾವಣದಲ್ಲಿ ಪುರಾಣ ಪ್ರವಚನ ಕೇಳಿ ಬೆಳೆದ ಕನ್ನಡಿಗರಿಗೆ ಈ ದೃಶ್ಯ ಅಪರಿಚಿತವಾಗಬೇಕಾಗಿಲ್ಲ.

ಎರಡನೆಯದು, ಅದು ಧರ್ಮವಲ್ಲ, ರಾಜಕೀಯ ಎಂಬ ಮಾತು. ದೇವಸ್ಥಾನದ ಬ್ರಹ್ಮಕಲಶಕ್ಕೆ ಮಂತ್ರಿಯನ್ನು ಕರೆದು ಶಾಲು ಹೊದಿಸುವವರ ಬಾಯಲ್ಲಿ ಇದು ಒಪ್ಪುವುದಿಲ್ಲ. ಬಾವಿಯ ನೀರು ಮುಟ್ಟಬಾರದೆಂದು ತಡೆದದ್ದು ಧರ್ಮವೆನಿಸಿಕೊಂಡಿತ್ತು. ಅದನ್ನು ಧಿಕ್ಕರಿಸಿ ಹೊರಗೆ ಬಂದದ್ದು ಮಾತ್ರ ರಾಜಕೀಯ ಹೇಗಾಯಿತು?

ಮೂರನೆಯದು ತುಸು ಗಟ್ಟಿ. ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪೂಜಿಸುವುದಿಲ್ಲ ಎಂಬುದಿದೆ. ರಾಮ, ಕೃಷ್ಣ, ಗೌರಿ, ಗಣಪತಿಯರ ಹೆಸರೂ ಇದೆ. ಘನ್ಸೋಲಿಯ ಮೂಕಾಂಬಿಕೆಗೆ ನಡೆದುಕೊಳ್ಳುವವರಿಗೆ ಇದು ಚುಚ್ಚುವುದು ಸಹಜ. ಆದರೆ ಆ ಪ್ರತಿಜ್ಞೆ ಮಾಡುವವರು ಬೌದ್ಧರಾಗುವವರು, ನೋಡಲು ಬಂದವರಲ್ಲ. ಬುದ್ಧ ವಿಷ್ಣುವಿನ ಅವತಾರವಲ್ಲ ಎಂದೂ ಅಲ್ಲಿದೆ. ‘ಬುದ್ಧ ನಮ್ಮವನೇ, ಒಂಬತ್ತನೆಯ ಅವತಾರ’ ಎನ್ನುವ ಔದಾರ್ಯದ ಮಾತಿಗೆ ಇದು ನೇರ ಉತ್ತರ. ನಮ್ಮವನೇ ಎನ್ನುತ್ತಲೇ ಅವನ ಜನರನ್ನು ಹೊರಗಿಟ್ಟರೆ, ಆ ಔದಾರ್ಯ ಯಾರಿಗೆ ಬೇಕು?

ಬುದ್ಧನನ್ನು ಪರಕೀಯನೆನ್ನಲು ಕನ್ನಡಿಗರಿಗಂತೂ ಬಾಯಿಲ್ಲ. ಪುಣೆಯ ದಾರಿಯಲ್ಲಿ ಲೋಣಾವಳದ ಹತ್ತಿರವಿರುವ ಕಾರ್ಲೆಯ ಮಹಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲನೆಂದು ಅಲ್ಲಿನ ಶಾಸನವೇ ಹೇಳುತ್ತದೆ. ವೈಜಯಂತಿಯೆಂದರೆ ಬನವಾಸಿ ಎಂಬುದು ವಿದ್ವಾಂಸರ ಅಭಿಪ್ರಾಯ. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲೇ, 9ನೇ ಶತಮಾನದಲ್ಲಿ, ಅವನ ಶಿಲಾಹಾರ ಸಾಮಂತರ ಕಾಲದ ದತ್ತಿ ಶಾಸನಗಳು ಕನ್ಹೇರಿಯಲ್ಲಿವೆ. ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ಹಣ ತೆಗೆದಿಟ್ಟ ಲೆಕ್ಕ ಅಲ್ಲಿದೆ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನು ಹೇಳುತ್ತದೆ. ಮುಂಬೈ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಊರಾದ ಕರಾವಳಿಯಲ್ಲಿ, ಮಂಗಳೂರಿನ ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರನಿದ್ದಾನೆ. 968ರ ಆ ಮೂರ್ತಿಯಲ್ಲಿ ಬೌದ್ಧರ ಅವಲೋಕಿತೇಶ್ವರನ ಲಕ್ಷಣಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಊರಿಗೆ ಹೋದಾಗಲೆಲ್ಲ ಅವನಿಗೆ ಕೈ ಮುಗಿದು ಬರುವವರೇ ಇಲ್ಲಿ ವಿಹಾರದ ಬಾಗಿಲ ಮುಂದೆ ಹೆಜ್ಜೆ ಚುರುಕುಗೊಳಿಸುತ್ತಾರೆ.

ಆದರೂ ವಿಹಾರಕ್ಕೆ ಹೋಗಲು ಇತಿಹಾಸ ಮುಖ್ಯ ಕಾರಣವಾಗಬಾರದು. ಕನ್ಹೇರಿಯಲ್ಲಿ ನೃಪತುಂಗನ ಹೆಸರು ಕೇಳಿ, ಹೆಮ್ಮೆಪಟ್ಟು, ಬುತ್ತಿ ಬಿಚ್ಚಿ ಉಂಡು ಮರಳಿದರೆ ಅವನೂ ಬಾಲ್ಕನಿಯ ಬುದ್ಧನೇ. ಸತ್ತ ದಾನಿಗಳ ಜೊತೆ ನೆಂಟಸ್ತನ ಹೇಳಿಕೊಳ್ಳುವುದು ಸುಲಭ. ಬದುಕಿರುವ ನೆರೆಯವರ ಪಕ್ಕ ಚಾಪೆಯಲ್ಲಿ ಕೂರುವುದೇ ಕಷ್ಟ, ಆದ್ದರಿಂದಲೇ ಅಗತ್ಯ.

ಹೊರನಾಡಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಪ್ರವಾಸದ ಬಸ್ಸು ಹೊರಡಿಸುತ್ತವೆ. ಆ ಬಸ್ಸು ಗೊರಾಯಿಗೆ ಹೋಗಲಿ, ಬರುವಾಗ ದಾದರಿನಲ್ಲೂ ನಿಲ್ಲಲಿ. ಬುದ್ಧ ಪೂರ್ಣಿಮೆಯ ಸಂಜೆ ತುರ್ಭೆಯಲ್ಲೋ ನೆರೂಲಿನಲ್ಲೋ ಹತ್ತಿರದ ವಿಹಾರಕ್ಕೆ ನಾಲ್ಕು ಜನ ಹೋಗಲಿ. ಚಪ್ಪಲಿ ಹೊರಗೆ ಬಿಟ್ಟು, ಫೋನು ಜೇಬಿನಲ್ಲಿಟ್ಟು, ಹಿಂದಿನ ಸಾಲಿನಲ್ಲಿ ಕೂತು, ಕೊಟ್ಟ ಖೀರು ಕುಡಿದು ಬರಲಿ. ಮುಖ್ಯವಾದದ್ದು ಆ ಖೀರು ಕುಡಿಯುವುದೇ. ಮನೆಗೆಲಸಕ್ಕೆ ಬರುವ ಬಾಯಿಗೆ ಚಹಾದ ಲೋಟ ಬೇರೆ ಇಡುವ ಮನೆಗಳು ಈ ಫ್ಲಾಟುಗಳಲ್ಲಿ ಇನ್ನೂ ಇವೆ. ಆ ಬಾಯಿಯೇ ವಿಹಾರಕ್ಕೆ ನಡೆದುಕೊಳ್ಳುವವಳಾಗಿದ್ದು, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಿತ್ತಾಳೆಯ ಬುದ್ಧನ ಧೂಳನ್ನು ದಿನವೂ ಒರೆಸುತ್ತಿರಬಹುದು. ಆ ತಲೆಯನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಡುವ ಮೊದಲು, ಲೋಟವನ್ನು ಒಂದು ಮಾಡಬೇಕು.