ಬೀಟು ಬಲ್ಲವರನ್ನು ಬಿಟ್ಟು ಬಟವಾಡೆಯೇ?

ಪಾರ್ಸೆಲ್ ಬಟವಾಡೆಯ ಪುನರ್‌ರಚನೆಯ ಬಗ್ಗೆ ಅಂಚೆ ನೌಕರರ ಸಂಘಗಳು ಎತ್ತಿರುವ ತಕರಾರನ್ನು ‘ಮೈಗಳ್ಳರ ಗೊಣಗಾಟ’ ಎಂದು ತಳ್ಳಿಹಾಕುವವರು ನಮ್ಮ ಬಳಗದಲ್ಲಿಯೂ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಕಪಾಟಿನಲ್ಲಿರುವ ಕನ್ನಡ ಪುಸ್ತಕಗಳಲ್ಲಿ ಧಾರವಾಡದಿಂದ, ಮೈಸೂರಿನಿಂದ, ಹೆಗ್ಗೋಡಿನಿಂದ ಅಂಚೆಯಲ್ಲಿ ಬಂದವು ಎಷ್ಟೆಂದು ಒಮ್ಮೆ ಎಣಿಸಿ ನೋಡಿ. ಹುಡುಕಿದರೂ ಕನ್ನಡ ಪುಸ್ತಕದಂಗಡಿ ಸಿಗದ ಊರುಗಳಲ್ಲಿ ನಮ್ಮ ಓದನ್ನು ಉಳಿಸಿದವರು ಪ್ರಕಾಶಕರೆಷ್ಟೋ ಪೋಸ್ಟ್‌ಮ್ಯಾನ್‌ಗಳೂ ಅಷ್ಟೇ.

ವಿಷಯವಿಷ್ಟು. ಈವರೆಗೆ ನಗರದ ಒಂದೊಂದು ಬಟವಾಡೆ ಅಂಚೆ ಕಚೇರಿಗೂ ಅದರದೇ ಪೋಸ್ಟ್‌ಮ್ಯಾನ್‌ಗಳಿದ್ದರು. ಒಬ್ಬೊಬ್ಬರಿಗೂ ಒಂದೊಂದು ಬೀಟು. ಈಗ ಹಲವು ಕಚೇರಿಗಳ ಬಟವಾಡೆಯನ್ನು ಅಲ್ಲಿಂದ ತೆಗೆದು ‘ಸ್ವತಂತ್ರ ಬಟವಾಡೆ ಕೇಂದ್ರ’ವೆಂಬ ಒಂದೇ ಸೂರಿನಡಿ ತರಲಾಗುತ್ತಿದೆ. ಪಾರ್ಸೆಲ್ ವ್ಯಾಪಾರದಲ್ಲಿ ಖಾಸಗಿ ಕೊರಿಯರುಗಳಿಗೆ ಸಮನಾಗಿ ನಿಲ್ಲಬೇಕೆಂಬುದು ಇದರ ಹಿಂದಿನ ಲೆಕ್ಕಾಚಾರ. ಸಂಘಗಳ ಆತಂಕಗಳು ಬೇರೆ. ಕೇಂದ್ರದಿಂದ ಬೀಟಿಗಿರುವ ದೂರ ಹೆಚ್ಚುತ್ತದೆ. ಬೀಟುಗಳನ್ನು ಒಂದರೊಳಗೊಂದು ಸೇರಿಸಿದರೆ ಹುದ್ದೆಗಳು ಕರಗುತ್ತವೆ. ಚೀಲದ ಭಾರ ಏರಿದಷ್ಟು ವಾಹನ, ಜಾಗ, ಶೌಚಾಲಯಗಳ ಅನುಕೂಲ ಏರುವುದಿಲ್ಲ. ಕಡೆಗೊಂದು ದಿನ ಪಾರ್ಸೆಲ್ ಕೆಲಸವೇ ಗುತ್ತಿಗೆದಾರನ ಪಾಲಾಗುತ್ತದೆ.

ಪತ್ರಗಳು ಕಡಿಮೆಯಾಗಿವೆ, ಪಾರ್ಸೆಲ್ಲುಗಳು ಹೆಚ್ಚುತ್ತಿವೆ, ಇಲಾಖೆ ಗಳಿಸದೆ ಬದುಕಲಾರದು ಎಂಬ ವಾದವನ್ನು ನಾವು ಒಪ್ಪುತ್ತೇವೆ. ಯಂತ್ರ ಬೇಡವೆಂದು ಸಂಘದವರೂ ಹೇಳುತ್ತಿಲ್ಲ. ಆದರೆ ಗಳಿಸುವುದಕ್ಕೆ ಇಲಾಖೆಯ ಕೈಯಲ್ಲಿರುವ ಬಂಡವಾಳ ಯಾವುದು? ಗೋದಾಮು, ಸ್ಕ್ಯಾನರುಗಳು ಯಾರ ಬಳಿಯೂ ಇವೆ. ಬೀಟನ್ನು ಅಂಗೈಯಂತೆ ಬಲ್ಲ ಮನುಷ್ಯ ಮಾತ್ರ ಅಂಚೆಯ ಸ್ವಂತ ಆಸ್ತಿ.

ಕೆಲವು ವರ್ಷಗಳ ಹಿಂದೆ ನಾವು ಬಳಗದ ಸ್ಮರಣ ಸಂಚಿಕೆಯನ್ನು ಹಿರಿಯ ಸದಸ್ಯೆಯೊಬ್ಬರಿಗೆ ಖಾಸಗಿ ಕೊರಿಯರಿನಲ್ಲಿ ಕಳುಹಿಸಿದ್ದೆವು. ಕಿವಿ ಮಂದವಾದ ಅವರು ಫೋನ್ ಎತ್ತಲಿಲ್ಲ. ‘ವಿಳಾಸ ಸಿಗಲಿಲ್ಲ’ ಎಂಬ ಚೀಟಿ ಹೊತ್ತು ಕಟ್ಟು ಮರಳಿತು. ಅದೇ ಕಟ್ಟನ್ನು ಅದೇ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದೆವು. ಅವರಿದ್ದ ಚಾಳನ್ನು ಕೆಡವಿದ್ದರು. ಅಲ್ಲಿನವರು ಎರಡು ಬೀದಿ ಆಚೆಯ ತಾತ್ಕಾಲಿಕ ವಸತಿಗೆ ಹೋಗಿದ್ದಾರೆಂಬುದು ಪೋಸ್ಟ್‌ಮ್ಯಾನ್‌ಗೆ ಗೊತ್ತಿತ್ತು. ಆತ ಅಲ್ಲಿಗೇ ಹೋಗಿ ಕೊಟ್ಟುಬಂದ. ಇಂಥ ತಿಳಿವಳಿಕೆ ಯಾವ ಕಂಪ್ಯೂಟರಿನಲ್ಲಿಯೂ ದಾಖಲಾಗಿಲ್ಲ. ಬೀಟು ಬದಲಿಸುತ್ತ ಹೋದರೆ, ದಿನಕ್ಕಿಷ್ಟು ಕಟ್ಟು ಎಂಬ ಗುರಿ ಹೇರಿದರೆ, ಅದು ಅಳಿದುಹೋಗುತ್ತದೆ.

ಊರ ಕಡೆಯ ಚಿತ್ರ ಇನ್ನೂ ಕಠೋರ. ನಾವು ಮುಂಬಯಿಯಿಂದ ಉಡುಪಿಯ ಹಳ್ಳಿಗೆ ಕಳುಹಿಸುವ ಕಟ್ಟಿನ ಕೊನೆಯ ಹರದಾರಿ ಬೀಳುವುದು ಗ್ರಾಮೀಣ ಡಾಕ್ ಸೇವಕರ ಹೆಗಲ ಮೇಲೆ. ಈ ವರ್ಗದ ನೌಕರರು ಸಿವಿಲ್ ಹುದ್ದೆಯಲ್ಲಿರುವವರೆಂದು ಸುಪ್ರೀಂ ಕೋರ್ಟ್ 1977ರಲ್ಲಿಯೇ ಹೇಳಿದೆ. ಆದರೂ ಕಾಯಂ ನೌಕರರ ವೇತನಶ್ರೇಣಿಯಾಗಲಿ ಪಿಂಚಣಿಯಾಗಲಿ ಅವರಿಗಿಲ್ಲ. 2018ರ ಮುಷ್ಕರದ ಬಳಿಕ ಡಾಕ್ ಸೇವಕರಿಗೆ ನಿಗದಿಯಾದ ಆರಂಭಿಕ ಮೂಲ ಭತ್ಯೆ ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ತಿಂಗಳಿಗೆ 10,000 ರೂಪಾಯಿ, ಐದು ಗಂಟೆಗೆ 12,000. ಪಾರ್ಸೆಲ್ ಹೆಚ್ಚಿದಾಗ ಆ ನಾಲ್ಕೈದು ಗಂಟೆ ಎಷ್ಟು ಹಿಗ್ಗುತ್ತದೆಂದು ಅಳೆಯುವವರು ಯಾರು?

ಇಂಥ ಪ್ರಶ್ನೆ ಕೇಳುವುದಕ್ಕೇ ಸಂಘಗಳಿರುವುದು. ಆದರೆ 2023ರ ಏಪ್ರಿಲ್‌ನಲ್ಲಿ ಇಲಾಖೆ ಅಂಚೆ ನೌಕರರ ರಾಷ್ಟ್ರೀಯ ಒಕ್ಕೂಟದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ರೈತ ಚಳವಳಿ ಮೊದಲಾದವುಗಳಿಗೆ ದೇಣಿಗೆ ಕೊಟ್ಟದ್ದು ನಿಯಮಬಾಹಿರವೆಂಬ ಕಾರಣ ಕೊಟ್ಟಿತು. ಕಾರಣ ಏನೇ ಇರಲಿ, ಕೆಲಸ ಬಲ್ಲವರ ದನಿಯಿಲ್ಲದೆ ಕೆಲಸವನ್ನು ಮರುರೂಪಿಸಲು ಹೊರಡುವುದು ಕೂಲಿಯಾಳನ್ನು ಕೇಳದೆ ಗದ್ದೆ ಹದ ಮಾಡಿದಂತೆ.

ಹೀಗೆ ಕೇಳದೆ ಮಾಡಿದ ಬದಲಾವಣೆಯ ಪೆಟ್ಟು ಓದುಗರಿಗೂ ತಾಗಿದೆ. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಏಕಾಏಕಿ ನಿಂತಿತು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಬಂತು: ತೆರಿಗೆ ಬಿಟ್ಟು, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100. ಅಷ್ಟು ಒಳ್ಳೆಯದೇ, ಆದರೆ ನಿಯತಕಾಲಿಕೆಗಳಿಗೆ ಅದರಲ್ಲಿ ಜಾಗವಿಲ್ಲ. ಅದೇ ವರ್ಷ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಪ್ರತಿಯೊಂದಕ್ಕೂ ಸುಧಾರಣೆಯೆಂದೇ ಹೆಸರು. ಮನೆ ಕಟ್ಟುವ ಮೊದಲು ವಾಸಿಸುವವರನ್ನು ಒಂದು ಮಾತು ಕೇಳಬೇಡವೇ?

1946ರ ಜುಲೈ 11ರಂದು ಅಂಚೆಯವರು ದೇಶದಾದ್ಯಂತ ಮುಷ್ಕರ ಹೂಡಿದಾಗ ಈ ಮುಂಬಯಿಯ ಗಿರಣಿ ಕಾರ್ಮಿಕರು ತಮ್ಮ ಕೆಲಸ ನಿಲ್ಲಿಸಿ ಬೆಂಬಲಕ್ಕೆ ನಿಂತಿದ್ದರು. ನಮ್ಮಿಂದ ಯಾರೂ ಅಷ್ಟನ್ನು ಕೇಳುತ್ತಿಲ್ಲ. ಯಾವ ಕೇಂದ್ರವನ್ನಾಗಲಿ ತೆರೆಯುವ ಮೊದಲು ಬೀಟುಗಳನ್ನು ನಡೆದು ಅಳೆಯಬೇಕು, ಭಾರಕ್ಕೆ ಮಿತಿಯನ್ನೂ ವಾಹನವನ್ನೂ ಗೊತ್ತುಪಡಿಸಬೇಕು, ಖಾಲಿ ಹುದ್ದೆಗಳನ್ನು ತುಂಬಬೇಕು, ಬಟವಾಡೆಯನ್ನು ಗುತ್ತಿಗೆಗೆ ಕೊಡುವುದಿಲ್ಲವೆಂದು ಬರಹದಲ್ಲಿ ಹೇಳಬೇಕು. ಇಷ್ಟನ್ನು ಮನವಿಯಾಗಿ ಬರೆದು, ಸಹಿ ಹಾಕಿ, ನಮ್ಮ ವಲಯದ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ ಕಳುಹಿಸಲು ನಾವು ನಿರ್ಧರಿಸಿದ್ದೇವೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಸಂಘಗಳೂ ತಮ್ಮ ತಮ್ಮ ವಲಯಕ್ಕೆ ಬರೆಯಲಿ. ಮನವಿಯನ್ನು ಅಂಚೆಯಲ್ಲಿಯೇ ಕಳುಹಿಸೋಣ. ಚೀಲ ಹೊತ್ತು ಬಾಗಿಲಿಗೆ ಬರುವವರ ಹೆಸರನ್ನು, ಈವರೆಗೆ ಕೇಳಿರದಿದ್ದರೆ, ಈ ವಾರವಾದರೂ ಕೇಳಿ ತಿಳಿಯೋಣ.